ಹೆಸರು ಒಂದೇ, ಆಳು ಬೇರೆ: ಗಣಕಯಂತ್ರವು ಕಚೇರಿಯ ಜಾಲವನ್ನು ಸೇರಿದಾಗ

ಮನುಷ್ಯರು ಒಬ್ಬರನ್ನೊಬ್ಬರು ಮುಖದಿಂದ, ದನಿಯಿಂದ, ನಡಿಗೆಯಿಂದ ಗುರುತಿಸುತ್ತಾರೆ. ಒಂದೇ ಊರಿನಲ್ಲಿ ನಾಲ್ವರು ರಂಗಪ್ಪಂದಿರು ಇದ್ದರೂ ಅಂಗಡಿಯ ರಂಗಪ್ಪ ಯಾರು, ತೋಟದ ರಂಗಪ್ಪ ಯಾರು ಎಂಬುದರಲ್ಲಿ ಊರವರಿಗೆ ಗೊಂದಲವುಂಟಾಗುವುದಿಲ್ಲ. ಗಣಕಯಂತ್ರಕ್ಕೆ ಈ ಸೌಕರ್ಯವಿಲ್ಲ. ತನ್ನ ಮುಂದೆ ಕುಳಿತವರು ಯಾರೆಂಬುದನ್ನು ಅದು ತಾನು ಬರೆದಿಟ್ಟುಕೊಂಡಿರುವ ಲೆಕ್ಕದಿಂದಲೇ ನಿರ್ಣಯಿಸಬೇಕು. ಆ ಲೆಕ್ಕ ಹೇಗಿದೆ ಎಂಬುದು ದಿನನಿತ್ಯದ ಕೆಲಸದಲ್ಲಿ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಬಿಡಿಯಾಗಿದ್ದ ಯಂತ್ರವನ್ನು ಕಚೇರಿಯ ಜಾಲಕ್ಕೆ ಸೇರಿಸಿದ ದಿನ ಮಾತ್ರ ಅದು ಎದ್ದು ಕಾಣುತ್ತದೆ.

ಒಂದು ಸಹಕಾರ ಸಂಘದ ಕಚೇರಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ವಿಂಡೋಸ್ ವ್ಯವಸ್ಥೆಯಿಂದ ನಡೆಯುವ 12 ಗಣಕಯಂತ್ರಗಳಿವೆ. ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತೆ, ಅವರ ಹೆಸರು ಸರಸ್ವತಿ ಎಂದಿಟ್ಟುಕೊಳ್ಳೋಣ, ನಾಲ್ಕು ವರ್ಷಗಳಿಂದ ಒಂದೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾರೆ. ಯಂತ್ರಗಳೆಲ್ಲವನ್ನೂ ಒಂದೇ ಆಡಳಿತಕ್ಕೆ ಒಳಪಡಿಸಬೇಕೆಂದು ಸಂಘವು ನಿಶ್ಚಯಿಸಿ ಶನಿವಾರ ಸಂಜೆ ಅವನ್ನು ಜಾಲಕ್ಕೆ ಸೇರಿಸುತ್ತದೆ. ಸೋಮವಾರ ಬೆಳಗ್ಗೆ ಸರಸ್ವತಿಯವರು ಬಂದು ಕುಳಿತುಕೊಳ್ಳುತ್ತಾರೆ. ಯಂತ್ರ ಅದೇ, ಹೆಸರು ಅದೇ, ಪಾಸ್‌ವರ್ಡು ಕೂಡ ಅದೇ. ತೆರೆಯೇನೋ ಬೆಳಗುತ್ತದೆ, ಆದರೆ ಅದರ ಮೇಲೆ ಅವರದೆನ್ನುವ ವಸ್ತು ಒಂದೂ ಇಲ್ಲ. ಕಡತಗಳಿಲ್ಲ, ಕನ್ನಡದ ಕೀಲಿಮಣೆಯಿಲ್ಲ, ಮುದ್ರಣಯಂತ್ರದ ಹೆಸರಿಲ್ಲ, ಬ್ರೌಸರಿನಲ್ಲಿ ಗುರುತು ಹಾಕಿಟ್ಟಿದ್ದ ಪುಟಗಳಿಲ್ಲ.

ಇವೆಲ್ಲ ಎಲ್ಲಿ ಹೋದುವು? ಎಲ್ಲಿಗೂ ಹೋಗಿಲ್ಲ. ಡಿಸ್ಕಿನ ಅದೇ ಜಾಗದಲ್ಲಿ, ಒಂದಕ್ಷರವೂ ಕದಲದೆ, ಇದ್ದ ಹಾಗೆಯೇ ಇವೆ. ಬದಲಾಗಿರುವವರು ಸರಸ್ವತಿಯವರು. ಯಂತ್ರದ ಲೆಕ್ಕದಲ್ಲಿ ಶನಿವಾರದ ಸರಸ್ವತಿ ಒಬ್ಬರು, ಸೋಮವಾರದ ಸರಸ್ವತಿ ಇನ್ನೊಬ್ಬರು. ಇದು ಹೇಗೆ? ಒಬ್ಬರ ಸೊತ್ತನ್ನು ಇನ್ನೊಬ್ಬರಿಗೆ ವಹಿಸಿಕೊಡುವ ಬಗೆ ಯಾವುದು? ಹಾಗೆ ವಹಿಸಿಕೊಡುವಾಗ ಎಂದೆಂದಿಗೂ ಕಳೆದುಹೋಗಬಹುದಾದುದು ಏನು? ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ.

ಪ್ರೊಫೈಲು ಎಂದರೇನು?

ಒಂದು ಯಂತ್ರವನ್ನು ಬಳಸುವ ಪ್ರತಿಯೊಬ್ಬರಿಗೂ ವಿಂಡೋಸ್ ವ್ಯವಸ್ಥೆಯು ಪ್ರತ್ಯೇಕವಾದ ಒಂದು ಕೋಶವನ್ನು ತೆಗೆದಿಡುತ್ತದೆ. ಇದಕ್ಕೆ ಪ್ರೊಫೈಲು ಎಂದು ಹೆಸರು. ಮೊದಲ ಡಿಸ್ಕಿನಲ್ಲಿ ‘ಯೂಸರ್ಸ್’ ಎಂಬ ಕೋಶವಿದ್ದು, ಅದರೊಳಗೆ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಉಪಕೋಶವಿರುತ್ತದೆ. ಅಲ್ಲಿ ಮುಖ್ಯವಾಗಿ ಮೂರು ಬಗೆಯ ಸಾಮಗ್ರಿಗಳಿವೆ.

ಮೊದಲನೆಯದು ನಾವು ಬಲ್ಲ ಕಡತಗಳು: ಪತ್ರಗಳು, ಚಿತ್ರಗಳು, ತೆರೆಯ ಮೇಲೆ ಹರಡಿಕೊಂಡಿರುವ ಕಾಗದಪತ್ರಗಳು. ಎರಡನೆಯದು ‘ಆಪ್‌ಡೇಟಾ’ ಎಂಬ ಮರೆಯ ಕೋಶ. ಬೇರೆ ಬೇರೆ ತಂತ್ರಾಂಶಗಳು ಆಯಾ ವ್ಯಕ್ತಿಯ ಅಭಿರುಚಿಗೆ ಸಂಬಂಧಿಸಿದುದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತವೆ. ಬರೆಹದ ತಂತ್ರಾಂಶಕ್ಕೆ ನಾವು ಕಲಿಸಿಕೊಟ್ಟ ಪದಗಳ ಪಟ್ಟಿ, ಬ್ರೌಸರಿನ ಗುರುತುಗಳು ಮೊದಲಾದುವೆಲ್ಲ ಇಲ್ಲಿರುತ್ತವೆ. ಮೂರನೆಯದು ‘ಎನ್‌ಟಿಯೂಸರ್’ ಎಂಬ ಒಂದೇ ಒಂದು ಕಡತ. ಗಾತ್ರದಲ್ಲಿ ಚಿಕ್ಕದಾದರೂ ಇದು ಪ್ರೊಫೈಲಿನ ಹೃದಯ. ಯಂತ್ರದ ಸಮಸ್ತ ವ್ಯವಸ್ಥೆಗಳನ್ನು ನಮೂದಿಸುವ ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕವೊಂದಿದೆ. ಆ ಪುಸ್ತಕದಲ್ಲಿ ಈ ಒಬ್ಬ ವ್ಯಕ್ತಿಗೆ ಸೇರಿದ ಅಧ್ಯಾಯವೇ ಈ ಕಡತ. ವ್ಯಕ್ತಿ ಯಂತ್ರದೊಳಕ್ಕೆ ಪ್ರವೇಶಿಸಿದಾಗ ಅಧ್ಯಾಯವನ್ನು ಪುಸ್ತಕಕ್ಕೆ ಜೋಡಿಸುತ್ತಾರೆ. ಹೊರಟಾಗ ಕಳಚಿ ಇಡುತ್ತಾರೆ.

ಈ ಅಧ್ಯಾಯದಲ್ಲಿ ಏನಿರುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಒಂದು ಉದಾಹರಣೆ ಕೊಡಬಹುದು. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರತಿ ಭಾಷೆಗೂ ಒಂದು ಸಂಖ್ಯೆಯುಂಟು. ಕನ್ನಡದ ಸಂಖ್ಯೆ 1099. ನೀವು ಕನ್ನಡದ ಕೀಲಿಮಣೆಯನ್ನು ಆರಿಸಿಕೊಂಡಾಗ ಈ ಸಂಖ್ಯೆಯು, ಹದಿನಾರರ ಮಾನದಲ್ಲಿ ಬರೆದ ರೂಪದಲ್ಲಿ, ನಿಮ್ಮ ಅಧ್ಯಾಯದ ಒಂದು ಸಾಲಾಗಿ ದಾಖಲಾಗುತ್ತದೆ. ಸೋಮವಾರ ಸರಸ್ವತಿಯವರ ಕನ್ನಡ ಮಾಯವಾದುದಕ್ಕೆ ಕಾರಣವಿಷ್ಟೆ: ಯಂತ್ರವು ಅಂದು ಬೇರೊಂದು ಅಧ್ಯಾಯವನ್ನು ತೆರೆದಿತ್ತು, ಅದರಲ್ಲಿ ಆ ಸಾಲು ಇರಲಿಲ್ಲ.

ಹೆಸರಿನ ಹಿಂದಿರುವ ಸಂಖ್ಯೆ

ಬೇರೊಂದು ಅಧ್ಯಾಯವನ್ನು ತೆರೆದುದೇಕೆ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಏರ್ಪಾಡು 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಎಂಬುವರ ನೇತೃತ್ವದಲ್ಲಿ ಪ್ರದರ್ಶಿತವಾಯಿತು. ಹಲವರ ಕಡತಗಳು ಒಂದೇ ಡಿಸ್ಕಿನಲ್ಲಿ ಸೇರಿದ ಕೂಡಲೇ ಯಾರದು ಯಾವುದು ಎಂಬ ಪ್ರಶ್ನೆ ಎದ್ದಿತು. ಗಣಕಯಂತ್ರದ ಪಾಸ್‌ವರ್ಡು ಹುಟ್ಟಿದ್ದು ಈ ವಾತಾವರಣದಲ್ಲಿ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ ನಿಗದಿಯಾಯಿತು. ಕಡತದ ಮೇಲೆ ಬರೆಯುವುದು ಒಡೆಯನ ಹೆಸರನ್ನಲ್ಲ, ಆ ಸಂಖ್ಯೆಯನ್ನು. ನಮ್ಮ ರೈತನು ತನ್ನ ಹೊಲವನ್ನು ‘ಆಲದಮರದ ಹೊಲ’ ಎಂದು ಕರೆದರೂ ತಾಲ್ಲೂಕು ಕಚೇರಿಯು ಅದನ್ನು ಸರ್ವೆ ನಂಬರಿನಿಂದಲೇ ಗುರುತಿಸುವಂತೆ, ಹೆಸರು ಮನುಷ್ಯರ ಅನುಕೂಲಕ್ಕೆ, ಸಂಖ್ಯೆ ಯಂತ್ರದ ಲೆಕ್ಕಕ್ಕೆ.

1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ವ್ಯವಸ್ಥೆಯಲ್ಲಿ ಈ ಸಂಖ್ಯೆ ಬಹಳ ಉದ್ದವಾಯಿತು. ಅದಕ್ಕೆ ಎಸ್‌ಐಡಿ, ಎಂದರೆ ಭದ್ರತೆಯ ಗುರುತುಸಂಖ್ಯೆ ಎಂದು ಹೆಸರು. ಸಾಮಾನ್ಯ ಬಳಕೆದಾರನ ಗುರುತುಸಂಖ್ಯೆಯು ‘ಎಸ್-1-5-21’ ಎಂದು ಆರಂಭವಾಗುತ್ತದೆ. ಅದರ ಮುಂದೆ 32 ಬಿಟ್ಟುಗಳ ಮೂರು ಸಂಖ್ಯೆಗಳಿರುತ್ತವೆ. ಇವು ಮೂರೂ ಸೇರಿ ಗುರುತುಸಂಖ್ಯೆ ಕೊಟ್ಟ ಯಂತ್ರ ಯಾವುದು ಎಂಬುದನ್ನು ಹೇಳುತ್ತವೆ. ಕೊನೆಯಲ್ಲಿ ಬರುವ ಚಿಕ್ಕ ಸಂಖ್ಯೆ ಆ ಯಂತ್ರದ ಪಟ್ಟಿಯಲ್ಲಿ ಆ ವ್ಯಕ್ತಿಯ ಕ್ರಮಾಂಕ. ಮೂಲ ಆಡಳಿತಗಾರನ ಕ್ರಮಾಂಕ ಯಾವಾಗಲೂ 500. ಸಾಮಾನ್ಯ ಬಳಕೆದಾರರಿಗೆ 1000ದಿಂದ ಮೇಲಿನವು.

ನಡುವಣ ಭಾಗದ ಬಿಟ್ಟುಗಳು ಒಟ್ಟು 96. ಇಷ್ಟು ಬಿಟ್ಟುಗಳಿಂದ ರಚಿಸಬಹುದಾದ ಸಂಖ್ಯೆಗಳು 2ರ 96ನೆಯ ಘಾತದಷ್ಟು, ಎಂದರೆ ಸುಮಾರಾಗಿ 79ರ ಮುಂದೆ 27 ಸೊನ್ನೆಗಳನ್ನು ಬರೆದಷ್ಟು. ಎರಡು ಯಂತ್ರಗಳು ತಮ್ಮಷ್ಟಕ್ಕೆ ತಾವೇ ಇಂಥ ಸಂಖ್ಯೆಗಳನ್ನು ಆರಿಸಿಕೊಂಡರೂ ಅವು ಒಂದೇ ಆಗುವ ಸಂಭವ ಇಲ್ಲವೆನ್ನುವಷ್ಟು ಅಲ್ಪ. ಒಮ್ಮೆ ಕೊಟ್ಟ ಕ್ರಮಾಂಕವನ್ನು ಮತ್ತೆ ಇನ್ನೊಬ್ಬರಿಗೆ ಕೊಡುವುದೂ ಇಲ್ಲ. ಇದರಿಂದ ವಿಚಿತ್ರವಾದ ಒಂದು ಪರಿಣಾಮ ಉಂಟಾಗುತ್ತದೆ. ನೀವು ‘ಸರಸ್ವತಿ’ ಎಂಬ ಖಾತೆಯನ್ನು ಅಳಿಸಿ, ಮರುಗಳಿಗೆಯಲ್ಲೇ ಅದೇ ಹೆಸರಿನಿಂದ, ಅದೇ ಪಾಸ್‌ವರ್ಡಿನಿಂದ ಇನ್ನೊಂದು ಖಾತೆಯನ್ನು ತೆರೆದರೂ ಯಂತ್ರದ ಪಾಲಿಗೆ ಅದು ಬೇರೆಯೇ ವ್ಯಕ್ತಿ.

ಯಂತ್ರದಲ್ಲಿರುವ ಪ್ರತಿಯೊಂದು ಕಡತಕ್ಕೂ ಒಂದು ಅನುಮತಿಪಟ್ಟಿ ಅಂಟಿಕೊಂಡಿರುತ್ತದೆ. ‘ಈ ಗುರುತುಸಂಖ್ಯೆಯವರು ಓದಬಹುದು, ಇವರು ತಿದ್ದಬಹುದು’ ಎಂಬುದು ಅದರ ಒಕ್ಕಣೆ. ಕಡತವನ್ನು ತೆರೆಯಹೊರಟಾಗ ಯಂತ್ರವು ನಿಮ್ಮ ಗುರುತುಸಂಖ್ಯೆಯನ್ನು ಪಟ್ಟಿಯೊಡನೆ ಹೋಲಿಸಿ ನೋಡುತ್ತದೆ. ಹೆಸರಿಗೆ ಇಲ್ಲಿ ಯಾವ ಸ್ಥಾನವೂ ಇಲ್ಲ.

ಡೊಮೇನನ್ನು ಸೇರುವುದು

ಬಿಡಿಯಾಗಿರುವ ಯಂತ್ರವು ತನ್ನ ಬಳಕೆದಾರರ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಹನ್ನೆರಡು ಯಂತ್ರಗಳಿದ್ದರೆ ಹನ್ನೆರಡು ಪಟ್ಟಿಗಳು. ಒಬ್ಬರು ವರ್ಗವಾಗಿ ಹೋದರೆ ಅಥವಾ ಪಾಸ್‌ವರ್ಡು ಬದಲಾದರೆ ಅಷ್ಟೂ ಕಡೆ ತಿದ್ದಬೇಕು. ಈ ತೊಡಕನ್ನು ನಿವಾರಿಸಲು ಒಂದೇ ಪಟ್ಟಿಯನ್ನು ಒಂದು ಮುಖ್ಯಯಂತ್ರದಲ್ಲಿಟ್ಟು, ಉಳಿದ ಯಂತ್ರಗಳು ಅದನ್ನು ನಂಬುವಂತೆ ಮಾಡುತ್ತಾರೆ. ಹೀಗೆ ಒಂದು ಪಟ್ಟಿಯ ಆಳ್ವಿಕೆಗೆ ಒಳಪಟ್ಟ ಯಂತ್ರಗಳ ಸಮೂಹವೇ ಡೊಮೇನ್. 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ವ್ಯವಸ್ಥೆಯೊಡನೆ ಬಂದ ‘ಆಕ್ಟಿವ್ ಡೈರೆಕ್ಟರಿ’ ಎಂಬುದು ಇಂಥ ಪಟ್ಟಿಗಳಲ್ಲಿ ಬಹು ಪ್ರಸಿದ್ಧವಾದುದು.

ಡೊಮೇನನ್ನು ಸೇರುವಾಗ ಬಳಕೆದಾರರಿಗೆ ಇರುವಂತೆ ಯಂತ್ರಕ್ಕೂ ಒಂದು ಖಾತೆ, ಒಂದು ಗುಪ್ತವಾದ ಪಾಸ್‌ವರ್ಡು ಸಿಗುತ್ತದೆ. ಯಾರೂ ಹೇಳದೆಯೇ ಯಂತ್ರವು ಆ ಪಾಸ್‌ವರ್ಡನ್ನು ಸಾಮಾನ್ಯವಾಗಿ 30 ದಿನಗಳಿಗೊಮ್ಮೆ ಬದಲಾಯಿಸಿಕೊಳ್ಳುತ್ತದೆ. ಅಂದಿನಿಂದ ಮುಂದೆ ಬಳಕೆದಾರನು ಹೆಸರು ಹೇಳಿ ಒಳಗೆ ಬರಬೇಕೆಂದಾಗ ಯಂತ್ರವು ಮುಖ್ಯಯಂತ್ರವನ್ನು ವಿಚಾರಿಸುತ್ತದೆ. ಈ ವಿಚಾರಣೆಯ ವಿಧಾನಕ್ಕೆ ಕೆರ್ಬೆರಾಸ್ ಎಂದು ಹೆಸರು. ಪಾತಾಳದ ಬಾಗಿಲು ಕಾಯುವ ಮೂರು ತಲೆಗಳ ನಾಯಿ ಎಂದು ಗ್ರೀಕ್ ಪುರಾಣದಲ್ಲಿ ಬರುವ ಹೆಸರು ಅದು. 1983ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥೆಯಲ್ಲೇ ಆರಂಭವಾದ ‘ಅಥೀನಾ ಯೋಜನೆ’ಯಲ್ಲಿ ಈ ವಿಧಾನ ರೂಪುಗೊಂಡಿತು. ಇದರಲ್ಲಿ ಮುಖ್ಯಯಂತ್ರವು ಕಾಲಮಿತಿಯುಳ್ಳ ಒಂದು ಚೀಟಿಯನ್ನು ಕೊಡುತ್ತದೆ. ಎರಡು ಯಂತ್ರಗಳ ಗಡಿಯಾರಗಳಲ್ಲಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಚೀಟಿಯನ್ನು ತಿರಸ್ಕರಿಸಲಾಗುತ್ತದೆ. ಹಳೆಯ ಚೀಟಿಯನ್ನು ಕದ್ದವನು ಅದನ್ನು ಮತ್ತೆ ಬಳಸದಿರಲೆಂದು ಈ ಏರ್ಪಾಡು.

ನಮ್ಮ ಪ್ರಶ್ನೆಗೆ ಸಂಬಂಧಿಸಿದ ಅಂಶ ಇಷ್ಟು: ಆ ಚೀಟಿಯ ಜೊತೆಯಲ್ಲಿ ಬರುವುದು ಡೊಮೇನಿನ ಪಟ್ಟಿಯಲ್ಲಿರುವ ಸರಸ್ವತಿಯ ಗುರುತುಸಂಖ್ಯೆ. ಅದರ ನಡುವಣ ಮೂರು ಸಂಖ್ಯೆಗಳು ಡೊಮೇನಿನವು. ಹಳೆಯ ಗುರುತುಸಂಖ್ಯೆಯಲ್ಲಿದ್ದುವು ಆ ಬಿಡಿ ಯಂತ್ರದವು. ಎರಡೂ ಒಂದಾಗುವಂತೆಯೇ ಇಲ್ಲ.

ಬರಿದಾದ ತೆರೆ

ಈಗ ಸೋಮವಾರದ ಸಂಗತಿ ಸ್ಪಷ್ಟವಾಗುತ್ತದೆ. ರಿಜಿಸ್ಟ್ರಿಯಲ್ಲಿ ‘ಪ್ರೊಫೈಲ್‌ಲಿಸ್ಟ್’ ಎಂಬ ಒಂದು ಪುಟವಿದೆ. ಯಾವ ಗುರುತುಸಂಖ್ಯೆಯವರ ಕೋಶ ಎಲ್ಲಿದೆ ಎಂಬುದನ್ನು ಅಲ್ಲಿ ಬರೆದಿರುತ್ತದೆ. ಹೊಸ ಗುರುತುಸಂಖ್ಯೆಯೊಡನೆ ಸರಸ್ವತಿಯವರು ಬಂದಾಗ ಯಂತ್ರವು ಆ ಪುಟವನ್ನು ನೋಡುತ್ತದೆ. ಅಲ್ಲಿ ಅವರ ಹೆಸರಿನ ಸೊಲ್ಲೇ ಇಲ್ಲ. ಆದುದರಿಂದ ಇವರು ಹೊಸಬರೆಂದು ತಿಳಿದು, ‘ಡಿಫಾಲ್ಟ್’ ಎಂಬ ಮಾದರಿ ಕೋಶದ ಪ್ರತಿ ತೆಗೆದು ಹೊಸ ಪ್ರೊಫೈಲನ್ನು ಕಟ್ಟಿಕೊಡುತ್ತದೆ. ‘ಸರಸ್ವತಿ’ ಎಂಬ ಕೋಶ ಆಗಲೇ ಇರುವುದರಿಂದ ಹೊಸದಕ್ಕೆ ಹೆಸರಿನ ಮುಂದೆ ಚುಕ್ಕೆಯಿಟ್ಟು ಡೊಮೇನಿನ ಹೆಸರನ್ನು ಸೇರಿಸುತ್ತದೆ. ಹಳೆಯ ಕೋಶವನ್ನು ತೆರೆಯಹೋದರೆ ‘ಅನುಮತಿಯಿಲ್ಲ’ ಎಂಬ ಉತ್ತರ ಬರುತ್ತದೆ. ಅದರ ಪಟ್ಟಿಯಲ್ಲಿರುವುದು ಹಳೆಯ ಸಂಖ್ಯೆಯಲ್ಲವೆ?

ಯುನಿಕ್ಸ್ ಪರಂಪರೆಯ ಯಂತ್ರಗಳನ್ನು ಜಾಲಕ್ಕೆ ಸೇರಿಸಿದಾಗ ಇದಕ್ಕೆ ಸರಿಯಾಗಿ ವಿರುದ್ಧವಾದ ತೊಂದರೆ ಕಾಣಿಸಿಕೊಂಡಿತು. ಅಲ್ಲಿ ಗುರುತುಸಂಖ್ಯೆಗಳು ಚಿಕ್ಕವು. ಇಂದಿನ ಅನೇಕ ಲಿನಕ್ಸ್ ಯಂತ್ರಗಳಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000. ಒಂದು ಯಂತ್ರದ 1000 ಒಬ್ಬರಾದರೆ ಪಕ್ಕದ ಯಂತ್ರದ 1000 ಮತ್ತೊಬ್ಬರು. 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಒಂದು ಯಂತ್ರದ ಕಡತಗಳನ್ನು ಇನ್ನೊಂದರಿಂದ ನೋಡುವ ವಿಧಾನವನ್ನು ರೂಪಿಸಿದಾಗ, ಸಂಖ್ಯೆಗಳನ್ನು ಎಲ್ಲ ಯಂತ್ರಗಳಲ್ಲೂ ಹೊಂದಿಸಿಡದಿದ್ದರೆ ಒಬ್ಬರ ಕಡತಕ್ಕೆ ಇನ್ನೊಬ್ಬರು ಒಡೆಯರಾಗಿ ಕಾಣಿಸಿಕೊಳ್ಳುವಂತಾಯಿತು. ವಿಂಡೋಸಿನಲ್ಲಿ ಒಂದು ಹೆಸರಿಗೆ ಎರಡು ಸಂಖ್ಯೆ. ಯುನಿಕ್ಸಿನಲ್ಲಿ ಒಂದು ಸಂಖ್ಯೆಗೆ ಇಬ್ಬರು ಮನುಷ್ಯರು. ಎರಡಕ್ಕೂ ಮೂಲ ಒಂದೇ: ಗುರುತಿಗೆ ಬೆಲೆಯಿರುವುದು ಅದನ್ನು ಕೊಟ್ಟ ಪಟ್ಟಿಯ ಎಲ್ಲೆಯೊಳಗೆ ಮಾತ್ರ.

ಸಾಗಿಸುವ ಮೂರು ದಾರಿಗಳು

ಹಳೆಯ ಸರಸ್ವತಿಯ ಸೊತ್ತನ್ನು ಹೊಸ ಸರಸ್ವತಿಗೆ ತಲುಪಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಆಡಳಿತಗಾರನು ಕೈಯಾರೆ ಪ್ರತಿ ತೆಗೆಯುವುದು. ಪತ್ರಗಳು, ಚಿತ್ರಗಳು ಮುಂತಾದುವಕ್ಕೆ ಇದು ಸಾಕು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಕಡತದ ಪ್ರತಿ ತೆಗೆದಾಗ ಹುಟ್ಟುವುದು ಹೊಸ ಕಡತ. ಅದು ತಾನು ಸೇರಿದ ಕೋಶದ ಅನುಮತಿಪಟ್ಟಿಯನ್ನು ಪಡೆಯುತ್ತದೆ. ಪ್ರತಿ ತೆಗೆಯದೆ, ಒಂದೇ ಡಿಸ್ಕಿನೊಳಗೆ ಒಂದು ಕೋಶದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದರೆ ಕಡತದ ದತ್ತಾಂಶ ಇದ್ದಲ್ಲೇ ಇರುತ್ತದೆ. ಬದಲಾಗುವುದು ಸೂಚಿಯಲ್ಲಿನ ನಮೂದು ಮಾತ್ರ. ಆದಕಾರಣ ಹಳೆಯ ಅನುಮತಿಪಟ್ಟಿಯೂ ಅದರೊಡನೆ ಬಂದುಬಿಡುವುದುಂಟು. ಕಡತ ಕಣ್ಣೆದುರಿಗಿದ್ದರೂ ತೆರೆಯಲಾಗದ ಪರಿಸ್ಥಿತಿ ಹೀಗೆ ಒದಗುತ್ತದೆ. ಇನ್ನು ಕೀಲಿಮಣೆ ಮೊದಲಾದ ವ್ಯವಸ್ಥೆಗಳಂತೂ ‘ಎನ್‌ಟಿಯೂಸರ್’ ಅಧ್ಯಾಯದೊಳಗಿರುವುದರಿಂದ ಈ ದಾರಿಯಲ್ಲಿ ಬರುವುದೇ ಇಲ್ಲ.

ಎರಡನೆಯದು ವಸ್ತುಗಳನ್ನು ಕದಲಿಸದೆ ಒಡೆತನವನ್ನು ಬದಲಾಯಿಸುವುದು. ಮನೆಯನ್ನು ಎತ್ತಿಕೊಂಡು ಹೋಗುವುದಿಲ್ಲ, ಖಾತೆಯನ್ನು ಬದಲಿಸಿಕೊಡುತ್ತೇವೆ, ಅಲ್ಲವೆ? ಹಾಗೆ. ಇದಕ್ಕೆ ಮೂರು ತಿದ್ದುಪಡಿಗಳು ಬೇಕು. ಕೋಶದಲ್ಲಿರುವ ಎಲ್ಲ ಕಡತಗಳ ಅನುಮತಿಪಟ್ಟಿಗಳಲ್ಲಿ ಹೊಸ ಗುರುತುಸಂಖ್ಯೆಯನ್ನು ಬರೆಯಬೇಕು. ರಿಜಿಸ್ಟ್ರಿಯ ಅಧ್ಯಾಯದ ಒಳಗಡೆ ಇರುವ ಪ್ರತ್ಯೇಕ ಅನುಮತಿಪಟ್ಟಿಗಳಲ್ಲೂ ಬರೆಯಬೇಕು. ಕೊನೆಗೆ ‘ಪ್ರೊಫೈಲ್‌ಲಿಸ್ಟ್’ ಪುಟದಲ್ಲಿ ಹೊಸ ಗುರುತುಸಂಖ್ಯೆಯ ಎದುರಿಗೆ ಹಳೆಯ ಕೋಶದ ವಿಳಾಸವನ್ನು ನಮೂದಿಸಬೇಕು. ಎರಡನೆಯ ತಿದ್ದುಪಡಿಯನ್ನು ಮರೆಯುವುದು ಸುಲಭ. ಮರೆತರೆ ಯಂತ್ರಕ್ಕೆ ಅಧ್ಯಾಯವನ್ನು ಸರಿಯಾಗಿ ಜೋಡಿಸಲಾಗದೆ ಅದು ತಾತ್ಕಾಲಿಕ ಪ್ರೊಫೈಲೊಂದನ್ನು ಕೊಡಬಹುದು. ಅಂಥ ಪ್ರೊಫೈಲಿನಲ್ಲಿ ದಿನವಿಡೀ ಬರೆದು ಉಳಿಸಿದ ಕಡತಗಳು ಸಂಜೆ ಹೊರಬಂದೊಡನೆ ಅಳಿದುಹೋಗುತ್ತವೆ. ಈ ದಾರಿಯ ಗುಣ ಅದರ ವೇಗ: ಕೋಶದಲ್ಲಿ 40 ಗಿಗಾಬೈಟುಗಳಿದ್ದರೂ ಅವು ಅಲುಗಬೇಕಾಗಿಲ್ಲ. ದೋಷವೆಂದರೆ, ನಡುವೆ ಎಡವಿದರೆ ಹಿಂದಿರುಗಲು ಹಳೆಯ ಸ್ಥಿತಿಯೇ ಉಳಿದಿರುವುದಿಲ್ಲ.

ಮೂರನೆಯದು ಕಟ್ಟಿ ಬಿಚ್ಚುವ ದಾರಿ. ಮೈಕ್ರೋಸಾಫ್ಟ್ ಸಂಸ್ಥೆಯು ಇದಕ್ಕೆಂದೇ ‘ಯೂಸರ್ ಸ್ಟೇಟ್ ಮೈಗ್ರೇಷನ್ ಟೂಲ್’ ಎಂಬ ಸಲಕರಣೆಯನ್ನು ಕೊಡುತ್ತದೆ. ಅದರಲ್ಲಿ ಎರಡು ಅಂಗಗಳು. ‘ಸ್ಕ್ಯಾನ್‌ಸ್ಟೇಟ್’ ಎಂಬುದು ಜಾಲವನ್ನು ಸೇರುವ ಮೊದಲು ಓಡಿ, ಏನೇನನ್ನು ಒಯ್ಯಬೇಕೆಂಬ ನಿಯಮಗಳ ಪಟ್ಟಿಯನ್ನು ನೋಡಿಕೊಂಡು ಗಂಟು ಕಟ್ಟುತ್ತದೆ. ‘ಲೋಡ್‌ಸ್ಟೇಟ್’ ಎಂಬುದು ಸೇರಿದ ಮೇಲೆ ಓಡಿ ಗಂಟನ್ನು ಬಿಚ್ಚುತ್ತದೆ. ‘ಈ ಯಂತ್ರದ ಸರಸ್ವತಿಯದನ್ನು ಡೊಮೇನಿನ ಸರಸ್ವತಿಗೆ ಕೊಡು’ ಎಂದು ಬಿಚ್ಚುವಾಗ ಹೇಳಬಹುದು. ಅನುಮತಿಪಟ್ಟಿಗಳು ಹೊಸ ಸಂಖ್ಯೆಗೆ ತಕ್ಕಂತೆ ಬರೆಯಲ್ಪಡುತ್ತವೆ. ತಂತ್ರಾಂಶಗಳ ವ್ಯವಸ್ಥೆಗಳು ಇದರಲ್ಲಿ ಬರುತ್ತವೆಯೇ ಹೊರತು ತಂತ್ರಾಂಶಗಳು ಬರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಒಂದೇ ಡಿಸ್ಕಿನೊಳಗಿನ ಕೆಲಸವಾದರೆ ಗಂಟಿಗೆ ಬೇರೆ ಜಾಗ ಬೇಕಾಗದಂತೆ ಒಂದು ಯುಕ್ತಿಯನ್ನು ಮಾಡಬಹುದು. ಡಿಸ್ಕಿನಲ್ಲಿ ಕಡತದ ದತ್ತಾಂಶ ಬೇರೆ, ಅದರ ಹೆಸರು ಬೇರೆ; ಒಂದೇ ದತ್ತಾಂಶಕ್ಕೆ ಎರಡು ಹೆಸರುಗಳನ್ನು ಕೊಡಲು ಸಾಧ್ಯವಿದೆ. ಒಂದು ಹೆಸರನ್ನು ಅಳಿಸಿದರೂ ಎರಡನೆಯದು ಉಳಿದಿರುವ ತನಕ ದತ್ತಾಂಶ ಅಳಿಯುವುದಿಲ್ಲ. ಸಲಕರಣೆಯು ಪ್ರತಿ ಕಡತಕ್ಕೂ ಹೀಗೆ ಎರಡನೆಯ ಹೆಸರು ಕೊಟ್ಟು ಅದನ್ನೇ ಗಂಟೆಂದು ಎಣಿಸುತ್ತದೆ. ಬೈಟುಗಳು ಕದಲದಿರುವುದರಿಂದ ಕೆಲಸ ಬೇಗ ಮುಗಿಯುತ್ತದೆ.

ಬೀಗ ಹಾಕಿದ ಪೆಟ್ಟಿಗೆ

ಇಷ್ಟರವರೆಗೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಕಾಲವನ್ನು ವ್ಯಯಮಾಡುವಂಥವು, ಸೊತ್ತನ್ನು ನಾಶಮಾಡುವಂಥವಲ್ಲ. ಅನುಮತಿಪಟ್ಟಿ ಎಂಬುದು ಬಾಗಿಲಲ್ಲಿ ನಿಂತ ಕಾವಲುಗಾರನಿದ್ದ ಹಾಗೆ. ಯಜಮಾನನು ಹೇಳಿದರೆ ಅವನು ದಾರಿ ಬಿಡುತ್ತಾನೆ. ಆದರೆ ಪ್ರೊಫೈಲಿನಲ್ಲಿ ಕಾವಲುಗಾರನನ್ನು ನಂಬದೆ ಬೀಗ ಹಾಕಿಟ್ಟ ಪೆಟ್ಟಿಗೆಗಳೂ ಇರುತ್ತವೆ.

ವಿಂಡೋಸ್ 2000ದಿಂದ ಮುಂದಕ್ಕೆ ಗುಟ್ಟುಗಳನ್ನು ಕಾಪಾಡಲು ಒಂದು ವ್ಯವಸ್ಥೆಯಿದೆ. ಅದು ಪ್ರತಿಯೊಬ್ಬ ಬಳಕೆದಾರನಿಗೂ 512 ಬಿಟ್ಟುಗಳ ಒಂದು ಮೂಲಕೀಲಿಯನ್ನು ತಯಾರಿಸುತ್ತದೆ. ಬ್ರೌಸರುಗಳು ಉಳಿಸಿಟ್ಟ ಪಾಸ್‌ವರ್ಡುಗಳು, ಖಾಸಗಿ ಸಹಿಯ ಕೀಲಿಗಳು ಮುಂತಾದ ಅನೇಕ ಗುಟ್ಟುಗಳು ಗೂಢಲಿಪಿಯಾಗಿ ಬದಲಾಗುವುದು ಈ ಮೂಲಕೀಲಿಯ ಆಶ್ರಯದಲ್ಲಿ. ಮೂಲಕೀಲಿಯನ್ನು ಬರಿದಾಗಿ ಡಿಸ್ಕಿನಲ್ಲಿ ಇಡುವಂತಿಲ್ಲ. ಆದುದರಿಂದ ಅದನ್ನು ಇನ್ನೊಂದು ಕೀಲಿಯಿಂದ ಮುಚ್ಚುತ್ತಾರೆ. ಆ ಎರಡನೆಯ ಕೀಲಿ ಎಲ್ಲಿಯೂ ಬರೆದಿರುವುದಿಲ್ಲ. ಬಳಕೆದಾರನ ಪಾಸ್‌ವರ್ಡು ಮತ್ತು ಗುರುತುಸಂಖ್ಯೆ ಇವೆರಡನ್ನೂ ಸೇರಿಸಿ, ಸಾವಿರಾರು ಬಾರಿ ಒಂದೇ ಗಣಿತಕ್ರಿಯೆಗೆ ಒಳಪಡಿಸಿ, ಬೇಕಾದಾಗಲೆಲ್ಲ ಅದನ್ನು ಹೊಸದಾಗಿ ಹುಟ್ಟಿಸಿಕೊಳ್ಳುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತು ‘ಮತ್ತು’ ಎಂಬುದು. ಪಾಸ್‌ವರ್ಡು ಒಂದೇ ಆಗಿದ್ದರೂ ಗುರುತುಸಂಖ್ಯೆ ಬೇರೆಯಾದರೆ ಹುಟ್ಟುವ ಕೀಲಿ ಬೇರೆ. ಕಡತಗಳ ಒಡೆತನವನ್ನು ಎಷ್ಟು ಚೆನ್ನಾಗಿ ಬದಲಾಯಿಸಿದರೂ ಪೆಟ್ಟಿಗೆ ಹೊಸ ಸರಸ್ವತಿಯ ಕೈಗೆ ಬರುತ್ತದೆ, ಬೀಗ ತೆರೆಯುವುದಿಲ್ಲ.

ಕಡತಗಳನ್ನೇ ಗೂಢಲಿಪಿಯಲ್ಲಿಡುವ ಸೌಕರ್ಯವೂ ವಿಂಡೋಸಿನಲ್ಲಿದೆ. ಅಂಥ ಕಡತಗಳ ಹೆಸರನ್ನು ಹಸಿರು ಬಣ್ಣದಲ್ಲಿ ತೋರಿಸುವ ಏರ್ಪಾಡೂ ಉಂಟು. ಅವುಗಳ ಖಾಸಗಿ ಕೀಲಿಯೂ ಮೇಲೆ ಹೇಳಿದ ಮೂಲಕೀಲಿಯ ಆಶ್ರಯದಲ್ಲೇ ಇರುತ್ತದೆ. ಹಳೆಯ ಪಾಸ್‌ವರ್ಡು ನೆನಪಿದ್ದು, ಹಳೆಯ ಖಾತೆ ಜೀವಂತವಾಗಿದ್ದರೆ ಭಯವಿಲ್ಲ; ಆ ಖಾತೆಯಿಂದ ಒಳಗೆ ಹೋಗಿ ಬೀಗ ತೆಗೆಯಬಹುದು. ಆದರೆ ಅನೇಕ ಕಡೆ ‘ಇನ್ನು ಇದು ಬೇಡ’ ಎಂದು ಹಳೆಯ ಖಾತೆಯನ್ನೂ ಕೋಶವನ್ನೂ ಅಳಿಸಿಬಿಡುತ್ತಾರೆ. ಅಥವಾ ಆಡಳಿತಗಾರನು ಹಳೆಯ ಪಾಸ್‌ವರ್ಡನ್ನು ಕೇಳದೆ ಹೊಸದೊಂದನ್ನು ಹೇರುತ್ತಾನೆ. ಬಿಡಿ ಯಂತ್ರದಲ್ಲಿ ಹೀಗೆ ಹೇರಿದೊಡನೆ ಮೂಲಕೀಲಿಯ ದಾರಿ ಮುಚ್ಚಿಹೋಗುತ್ತದೆ. ಹಳೆಯ ಪಾಸ್‌ವರ್ಡು ಯಾರಿಗಾದರೂ ನೆನಪಿದ್ದರೆ ಮಾತ್ರ ಅದು ಮತ್ತೆ ತೆರೆಯುತ್ತದೆ.

ಊಹಿಸಿ ತೆರೆಯಬಾರದೇ ಎಂದು ಯಾರಾದರೂ ಕೇಳಬಹುದು. ಈ ಕಡತಗಳಿಗೆ ಹಾಕುವ ಬೀಗದ ಕೀಲಿಯ ಉದ್ದ 256 ಬಿಟ್ಟುಗಳು. ಸಾಧ್ಯವಿರುವ ಕೀಲಿಗಳ ಸಂಖ್ಯೆ ಸುಮಾರು 10ರ 77ನೆಯ ಘಾತ. ಒಂದು ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ಎಲ್ಲವನ್ನೂ ನೋಡಿ ಮುಗಿಸಲು 10ರ 65ನೆಯ ಘಾತದಷ್ಟು ಸೆಕೆಂಡುಗಳು ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಸೆಕೆಂಡುಗಳಲ್ಲಿ ಹೇಳುವುದಾದರೆ 10ರ 18ನೆಯ ಘಾತಕ್ಕಿಂತ ಕಡಿಮೆ. ಪಾಸ್‌ವರ್ಡು ತೀರ ದುರ್ಬಲವಾಗಿದ್ದರೆ ಅದನ್ನು ಊಹಿಸಬಹುದೇನೋ. ಕೀಲಿಯನ್ನು ಊಹಿಸುವ ಮಾತೇ ಇಲ್ಲ. ಕಳ್ಳನನ್ನು ತಡೆಯಲು ಕಟ್ಟಿದ ಗೋಡೆಯು ಕೀಲಿ ಕಳೆದುಕೊಂಡ ಒಡೆಯನನ್ನೂ ಅಷ್ಟೇ ನಿಷ್ಠುರವಾಗಿ ತಡೆಯುತ್ತದೆ.

ಡೊಮೇನನ್ನು ಸೇರಿದ ಮೇಲೆ ಈ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ ಎಂಬುದನ್ನೂ ಹೇಳಬೇಕು. ಅಲ್ಲಿ ಮೂಲಕೀಲಿಯ ಒಂದು ಪ್ರತಿಯನ್ನು ಮುಖ್ಯಯಂತ್ರಕ್ಕೆ ಮಾತ್ರ ತೆರೆಯಲು ಬರುವಂತೆ ಮುಚ್ಚಿಟ್ಟಿರುತ್ತಾರೆ. ಪಾಸ್‌ವರ್ಡು ಮರೆತರೂ ಅದರಿಂದ ಗುಟ್ಟುಗಳನ್ನು ಮರಳಿ ಪಡೆಯಬಹುದು. ಅಪಾಯವಿರುವುದು ಒಂದು ದಡವನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ನಡುವಣ ಹೊತ್ತಿನಲ್ಲಿ.

ಪ್ರೊಫೈಲನ್ನು ಮುಖ್ಯಯಂತ್ರದಲ್ಲೇ ಇಡಬಾರದೇ?

ಬಳಕೆದಾರರ ಪಟ್ಟಿಯನ್ನು ಒಂದೆಡೆ ಇಟ್ಟಂತೆ ಪ್ರೊಫೈಲುಗಳನ್ನೂ ಒಂದೆಡೆ ಇಟ್ಟರೆ ಯಾವ ಯಂತ್ರದ ಮುಂದೆ ಕುಳಿತರೂ ತಮ್ಮ ತೆರೆ ತಮಗೆ ಸಿಗುತ್ತದಲ್ಲ, ಎನ್ನುವುದು ಸಹಜವಾದ ಆಲೋಚನೆ. ಒಳಗೆ ಬರುವಾಗ ಪ್ರೊಫೈಲನ್ನು ಮುಖ್ಯಯಂತ್ರದಿಂದ ಇಳಿಸಿಕೊಂಡು, ಹೊರಡುವಾಗ ಹಿಂದಕ್ಕೆ ಏರಿಸುವ ಈ ಪದ್ಧತಿ ವಿಂಡೋಸ್ ಎನ್‌ಟಿಯ ಕಾಲದಿಂದಲೂ ಇದೆ. ಆದರೆ ಲೆಕ್ಕವನ್ನು ಮಾಡಿ ನೋಡಿ. ಪ್ರೊಫೈಲು 2 ಗಿಗಾಬೈಟು, ಎಂದರೆ 16 ಗಿಗಾಬಿಟ್ಟು. ಮೂವತ್ತು ಮಂದಿ ಏಕಕಾಲದಲ್ಲಿ ಬಂದರೆ ಸಾಗಬೇಕಾದುದು 480 ಗಿಗಾಬಿಟ್ಟು. ಮುಖ್ಯಯಂತ್ರದ ತಂತಿಯಲ್ಲಿ ಸೆಕೆಂಡಿಗೆ 1 ಗಿಗಾಬಿಟ್ಟು ಹರಿಯುವುದಾದರೆ 480 ಸೆಕೆಂಡು ಬೇಕು. ಕಚೇರಿ ತೆರೆದ ಮೇಲೆ 8 ನಿಮಿಷ ಎಲ್ಲರೂ ಸುಮ್ಮನೆ ಕುಳಿತಿರಬೇಕು. ಸಂಜೆಯೂ ಇದೇ ಕಥೆ. ಇದರ ಬದಲು ಪತ್ರಗಳ ಕೋಶಗಳನ್ನು ಮಾತ್ರ ಮುಖ್ಯಯಂತ್ರದಲ್ಲಿಟ್ಟು, ಬೇಕಾದ ಕಡತವನ್ನು ಬೇಕಾದಾಗ ತರಿಸಿಕೊಳ್ಳುವುದು ಹೆಚ್ಚು ರೂಢಿಯಲ್ಲಿದೆ.

ಈಚೆಗೆ ಅನೇಕ ಸಂಸ್ಥೆಗಳು ಪಟ್ಟಿಯನ್ನು ತಮ್ಮ ಕಟ್ಟಡದಲ್ಲಿಡದೆ ಅಂತರ್ಜಾಲದಲ್ಲಿಡುತ್ತಿವೆ. ಮೈಕ್ರೋಸಾಫ್ಟಿನ ಅಂಥ ಸೇವೆಗೆ 2023ರಿಂದ ‘ಎಂಟ್ರಾ’ ಎಂಬ ಹೆಸರಿದೆ. ಆ ಪಟ್ಟಿಯ ಗುರುತುಸಂಖ್ಯೆಗಳು ‘ಎಸ್-1-12-1’ ಎಂದು ಆರಂಭವಾಗುತ್ತವೆ. ಹಳೆಯ ಡೊಮೇನಿನಿಂದ ಅಲ್ಲಿಗೆ ಯಂತ್ರವನ್ನು ಸೇರಿಸುವಾಗಲೂ ಸೋಮವಾರದ ಅನುಭವವೇ ಮರುಕಳಿಸಬಹುದು. ಏಕೆಂದರೆ ಗುರುತು ಕೊಟ್ಟವರು ಮತ್ತೆ ಬದಲಾದರು.

ಕೆಲಸದ ಕ್ರಮ

ಮೇಲಿನ ವಿವರಣೆಯಿಂದ ಕೆಲಸದ ಕ್ರಮವು ತಾನಾಗಿಯೇ ಹೊರಡುತ್ತದೆ. ಮೊದಲು ಪೂರ್ತಿ ಪ್ರೊಫೈಲಿನ ಪ್ರತಿಯೊಂದನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿಡಬೇಕು. ಅನಂತರ, ಇನ್ನೂ ಹಳೆಯ ಖಾತೆಯಲ್ಲಿರುವಾಗಲೇ, ಬೀಗಗಳನ್ನು ತೆಗೆಯಬೇಕು: ಗೂಢಲಿಪಿಯ ಕಡತಗಳನ್ನು ಸರಳರೂಪಕ್ಕೆ ತರುವುದು, ಖಾಸಗಿ ಕೀಲಿಗಳನ್ನು ಹೊರತೆಗೆದು ಭದ್ರವಾಗಿಡುವುದು, ಬ್ರೌಸರಿನ ಪಾಸ್‌ವರ್ಡುಗಳನ್ನು ಬೇರೆ ಕಡೆ ಉಳಿಸುವುದು. ‘ಸ್ಕ್ಯಾನ್‌ಸ್ಟೇಟ್’ ಸಲಕರಣೆಯು ಗೂಢಲಿಪಿಯ ಕಡತವೊಂದು ಎದುರಾದರೆ, ಬೇರೆ ಆಜ್ಞೆಯಿಲ್ಲದಿದ್ದಲ್ಲಿ, ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಅದನ್ನು ಕಿರಿಕಿರಿಯೆಂದು ಭಾವಿಸಬಾರದು; ಬೀಗ ತೆಗೆಯಲು ಅದೇ ಸಮಯವೆಂಬ ಎಚ್ಚರಿಕೆ ಅದು.

ಯಂತ್ರದ್ದೇ ಆದ ಒಂದು ಆಡಳಿತ ಖಾತೆಯ ಪಾಸ್‌ವರ್ಡು ಗೊತ್ತಿದೆಯೆಂದು ಖಚಿತಪಡಿಸಿಕೊಂಡು ಆ ಮೇಲೆ ಡೊಮೇನನ್ನು ಸೇರಬೇಕು. ಜಾಲದ ಸಂಪರ್ಕ ಕೆಟ್ಟರೂ ಒಳಗೆ ಹೋಗಲು ಆ ಬಾಗಿಲು ಉಳಿದಿರುತ್ತದೆ. ಸಾಮಗ್ರಿಗಳನ್ನು ಹೊಸ ಖಾತೆಗೆ ಸಾಗಿಸಿದ ಮೇಲೆ, ಆ ಯಂತ್ರದಲ್ಲಿ ಕೆಲಸ ಮಾಡುವವರನ್ನೇ ಕೂಡಿಸಿ ಎಲ್ಲವನ್ನೂ ತೆರೆದು ನೋಡಿಸಬೇಕು. ಯಾವುದು ಕಾಣೆಯಾಗಿದೆ ಎಂಬುದು ಆಡಳಿತಗಾರನಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಕಡತಗಳೂ ಇರುವುದರಿಂದ ಹಳೆಯ ಖಾತೆ, ಹಳೆಯ ಕೋಶ, ಹಳೆಯ ಪಾಸ್‌ವರ್ಡು ಈ ಮೂರನ್ನೂ ಕೆಲವು ತಿಂಗಳ ಕಾಲ ಮುಟ್ಟದೆ ಇರಿಸುವುದು ವಿವೇಕ. ಅಳಿಸುವುದಕ್ಕೆ ಯಾವ ಅವಸರವೂ ಇಲ್ಲ. ಅಳಿಸಿದ ಗುರುತುಸಂಖ್ಯೆಯನ್ನು ಅದೇ ಹೆಸರಿನಿಂದ ಮತ್ತೆ ಹುಟ್ಟಿಸುವುದು ಸಾಧ್ಯವಿಲ್ಲ.